ಸೂರತ್ತಿಗೆ ಬರಬೇಡ

ಮಕರಪುರ, ವಡೋದರ
10 ಸೆಪ್ಟೆಂಬರ್ 2023

ಆಶ್ರಿತಾ,

ಕಾಗದ ನೋಡಿ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮೆಸೇಜ್ ಕಳಿಸಿದರೆ ಓದಿದ ಗುರುತು ಬೀಳುತ್ತದೆ, ಉತ್ತರ ಬರುವುದಿಲ್ಲ. ಕೊನೆಗೆ ಅಹಮದಾಬಾದಿಗೆ ಫೋನ್ ಮಾಡಿ, ನಿಮ್ಮಮ್ಮನಿಂದ ನಿನ್ನ ಸೂರತ್ತಿನ ವಿಳಾಸ ಇಸಕೊಂಡೆ. ಓದದೆ ಹರಿದುಹಾಕುವಷ್ಟು ಕೋಪ ನನ್ನ ಮೇಲೆ ಇರಲಿಕ್ಕಿಲ್ಲ ಅಂದುಕೊಂಡಿದ್ದೇನೆ. ಇದ್ದರೂ ಯಾಕೆಂದು ನನಗೆ ಗೊತ್ತಿಲ್ಲ.

ಡಿಸೆಂಬರಿಗೆ ನನ್ನ ಕಮಿಷನ್ ಅವಧಿ ಮುಗಿಯುತ್ತದೆ. ಹದಿನಾಲ್ಕು ವರ್ಷದ ವಾಯುಪಡೆ ಅಲ್ಲಿಗೆ ಸಾಕು. ನನಗೆ ಹೆಲಿಕಾಪ್ಟರ್ ಹಾರಿಸುವುದು ಬಿಟ್ಟು ಬೇರೇನೂ ಬರುವುದಿಲ್ಲ. ಹೊರಗಡೆ ಹೆಲಿಕಾಪ್ಟರ್ ಕೆಲಸವೆಂದರೆ ಸಮುದ್ರದ ನಡುವಿನ ತೈಲಬಾವಿಗೆ ಜನರನ್ನು ಒಯ್ದು ಇಳಿಸುವುದು, ಇಲ್ಲವೇ ಚುನಾವಣೆಯಲ್ಲಿ ಮುಖಂಡರನ್ನು ಊರೂರಿಗೆ ಹೊತ್ತು ತಿರುಗುವುದು. ಎರಡೂ ಬೇಡ ಅನ್ನಿಸಿದೆ. ಏರ್‌ಲೈನ್‌ಗೆ ಹೋಗಬೇಕೆಂದಿದ್ದೇನೆ. ಅದಕ್ಕೆ ವಿಮಾನದ ಕಮರ್ಷಿಯಲ್ ಲೈಸೆನ್ಸ್ ಬೇಕು. ನನ್ನ ಹೆಲಿಕಾಪ್ಟರ್ ಹಾರಾಟದಲ್ಲಿ ಅವರು ಲೆಕ್ಕಕ್ಕೆ ಹಿಡಿಯುವುದು ಒಂದು ಚೂರು. ಉಳಿದದ್ದಕ್ಕೆ ಹದಿನೆಂಟು ವರ್ಷದ ಹುಡುಗರ ಜೊತೆ ಸಣ್ಣ ವಿಮಾನದಲ್ಲಿ ಕೂತು ಅ ಆ ಇ ಈಯಿಂದ ಶುರುಮಾಡಬೇಕು.

ಎರಡು ಶಾಲೆಗಳು ಕಣ್ಣ ಮುಂದಿವೆ. ಒಂದು, ಅಹಮದಾಬಾದಿನಿಂದ ಒಂದು ಗಂಟೆ ದೂರದ ಶ್ವೇತಪಂಖ ಅಕಾಡೆಮಿ. ಅದರ ಮಾಲೀಕರೇ ಫೋನ್ ಮಾಡಿ, ‘ಮೇಡಮ್, ನೀವು ಬಂದರೆ ನಮಗೆ ಗೌರವ’ ಅಂದರು. ಇನ್ನೊಂದು, ಸೂರತ್ತಿನಲ್ಲಿ ನೀನು ಕಲಿಸುತ್ತಿರುವ ಶಾಲೆ. ಇವುಗಳ ಒಳಹೊರಗು ಬಲ್ಲವಳು ನನಗೆ ಗೊತ್ತಿರುವವರಲ್ಲಿ ನೀನೊಬ್ಬಳೇ. ಎಲ್ಲಿಗೆ ಸೇರಲಿ? ಒಂದು ಸಾಲು ಬರೆದರೂ ಸಾಕು.

ನಿನ್ನ
ಮಹಿಮಾ


ಅಡಾಜಣ, ಸೂರತ್
28 ಸೆಪ್ಟೆಂಬರ್ 2023

ವಿಂಗ್ ಕಮಾಂಡರ್ ಮಹಿಮಾ ಅವರಿಗೆ,

ಕಾಗದ ತಲುಪಿತು. ಕಾಗದಕ್ಕೆ ಕಾಗದ.

ಸೂರತ್ತಿಗೆ ಬರಬೇಡ. ನಮ್ಮಲ್ಲಿರುವುದು ನಾಲ್ಕು ವಿಮಾನ, ನಾಲ್ಕಕ್ಕೂ ವಿದ್ಯಾರ್ಥಿಗಳಿಗಿಂತ ಹೆಚ್ಚು ವಯಸ್ಸಾಗಿದೆ. ರನ್‌ವೇ ನಮ್ಮದಲ್ಲ, ಏರ್‌ಲೈನ್‌ಗಳದ್ದು. ದೊಡ್ಡ ವಿಮಾನ ಬಂದು ಇಳಿಯುವವರೆಗೆ ನಾವು ಮೂಲೆಯಲ್ಲಿ ಇಂಜಿನ್ ಓಡಿಸಿಕೊಂಡು ಬೆವರುತ್ತಾ ಕೂರಬೇಕು. ತರಗತಿಯ ಫ್ಯಾನು ಮಾತಾಡುತ್ತದೆ. ವಿದ್ಯಾರ್ಥಿಗಳಲ್ಲಿ ಅರ್ಧ ಜನ ವರಾಛಾದ ವಜ್ರದ ಕಾರ್ಖಾನೆಯವರ ಮಕ್ಕಳು. ಒಳ್ಳೆಯ ಹುಡುಗರೇ, ಆದರೆ ಮೊದಲ ದಿನವೇ ಕಪ್ಪು ಕನ್ನಡಕ ಹಾಕಿಕೊಂಡು ರೀಲ್ಸ್ ಮಾಡುತ್ತಾರೆ. ನಿನ್ನಂಥವರಿಗೆ ಇದು ಸ್ಥಳವಲ್ಲ.

ಶ್ವೇತಪಂಖದಲ್ಲಿ ಹನ್ನೊಂದು ವಿಮಾನಗಳಿವೆ. ಸ್ವಂತ ಏರ್‌ಸ್ಟ್ರಿಪ್ ಇದೆ, ಗಾಜಿನ ಕಟ್ಟಡವಿದೆ. ನವರಂಗಪುರದಲ್ಲಿ ನಿಮ್ಮಮ್ಮನ ಮನೆಯಿದೆ, ಅಲ್ಲಿಂದಲೇ ಓಡಾಡಬಹುದು. ಅಲ್ಲಿಗೆ ಸೇರು.

ಒಂದು ಸಾಲು ಕೇಳಿದ್ದೆ, ಇಷ್ಟು ಬರೆದಿದ್ದೇನೆ.

ಆಶ್ರಿತಾ


ನವರಂಗಪುರ, ಅಹಮದಾಬಾದ್
16 ನವೆಂಬರ್ 2023

ಪ್ರೀತಿಯ ಆಶಿ,

ನಿನ್ನ ಅಕ್ಷರ ಇನ್ನೂ ಹಾಗೇ ಇದೆ, ಒಂದರ ಮೇಲೊಂದು ಬೀಳುವ ಹಾಗೆ. ಬಾಹ್ಯಾಕಾಶ ಕೇಂದ್ರದ ಕಾಲೊನಿಯ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಬರೆಯುವಾಗಲೂ ಹೀಗೇ ಇತ್ತು. ಮೇಲಿನ ‘ವಿಂಗ್ ಕಮಾಂಡರ್’ ನೋಡಿ ನಗು ಬಂತು. ಆಮೇಲೆ ನಗು ನಿಂತಿತು.

ದೀಪಾವಳಿಗೆ ರಜೆ ಹಾಕಿ ಅಮ್ಮನ ಮನೆಗೆ ಬಂದಿದ್ದೇನೆ. ಶ್ವೇತಪಂಖ ನೋಡಿ ಬಂದೆ. ಹನ್ನೊಂದೂ ವಿಮಾನಗಳನ್ನು ತೊಳೆದು ಸಾಲಾಗಿ ನಿಲ್ಲಿಸಿದ್ದರು. ದಿನಕ್ಕೆ ಎಷ್ಟು ಹಾರುತ್ತವೆ ಎಂದು ಕೇಳಿದೆ. ಮಾಲೀಕರು ‘ಹಬ್ಬದ ರಜೆ ಮೇಡಮ್, ಎಲ್ಲರೂ ಊರಿಗೆ ಹೋಗಿದ್ದಾರೆ’ ಎಂದು ಪೇಡೆಯ ತಟ್ಟೆ ಮುಂದಿಟ್ಟರು. ಸ್ಕ್ವಾಡ್ರನ್ನಿನಲ್ಲಾಗಿದ್ದರೆ ಇನ್ನೂ ನಾಲ್ಕು ಪ್ರಶ್ನೆ ಕೇಳುತ್ತಿದ್ದೆ. ಆದರೆ ನೀನೇ ಹೇಳಿದ ಮೇಲೆ ಇನ್ನೇನು ಕೇಳುವುದು? ಅಲ್ಲೇ ಸೇರುತ್ತೇನೆಂದು ಸಹಿ ಹಾಕಿ ಬಂದೆ.

ಹಬ್ಬದ ಮಾರನೆಯ ದಿನ ನಿಮ್ಮ ಮನೆಗೂ ಹೋಗಿದ್ದೆ. ಕಾಮಾಕ್ಷಿ ಆಂಟಿ ಒಬ್ಬಟ್ಟು ಮಾಡಿದ್ದರು, ಮೂರು ಹಾಕಿಸಿಕೊಂಡು ತಿಂದೆ. ಷೋಕೇಸಿನಲ್ಲಿ ನನ್ನ ಫೋಟೊ ಇಟ್ಟಿದ್ದಾರೆ, ಪೇಪರಿನಲ್ಲಿ ಬಂದಿದ್ದು. ನಾಚಿಕೆಯಾಯಿತು. ನಿನ್ನ ವಿಷಯ ಕೇಳಿದೆ. ‘ಅವಳು ಏನೂ ಹೇಳಲ್ಲ ಕಣೆ. ಯಾವುದೋ ವಿಮಾನದ ಸ್ಕೂಲಲ್ಲಿ ಟೀಚರ್ರು. ಬೋರ್ಡ್ ಮೇಲೆ ಬರೆದು ಪಾಠ ಮಾಡ್ತಾಳೇನೋ’ ಅಂದರು. ‘ಇಲ್ಲ ಆಂಟಿ, ಅವಳು ಹಾರಿಸ್ತಾಳೆ’ ಅಂದೆ. ‘ಹೌದಾ?’ ಅಂದು ಇನ್ನೊಂದು ಒಬ್ಬಟ್ಟು ಹಾಕಿದರು.

ನೀನು ಹಬ್ಬಕ್ಕೆ ಯಾಕೆ ಬರಲಿಲ್ಲ?

ಮಹಿಮಾ


ಸೂರತ್
2 ಡಿಸೆಂಬರ್ 2023

ಮಹಿಮಾ,

ಹಬ್ಬಕ್ಕೆ ಯಾಕೆ ಬರಲಿಲ್ಲವೆಂದರೆ, ನೀನು ಬರುತ್ತೀ ಎಂದು ಅಮ್ಮ ಫೋನಿನಲ್ಲಿ ಹೇಳಿದ್ದಳು.

ನಿನಗೆ ಒಬ್ಬಟ್ಟು ಮಾಡಿದಳೇ? ನಾನು ಹೋದರೆ ‘ಮಂಡಿ ನೋವು ಕಣೆ, ಉಪ್ಪಿಟ್ಟು ಸಾಕಲ್ವಾ’ ಅನ್ನುತ್ತಾಳೆ. ಮೊನ್ನೆ ಫೋನಿನಲ್ಲಿ ಅರ್ಧ ಗಂಟೆ ನಿನ್ನದೇ ಕತೆ. ಮಹಿಮಾ ತೆಳ್ಳಗಾಗಿದ್ದಾಳೆ, ಮಹಿಮಾ ತಾನೇ ಪಾತ್ರೆ ತೊಳೆದಳು, ಅಷ್ಟು ದೊಡ್ಡ ಆಫೀಸರ್ ಆದರೂ ಚೂರೂ ಜಂಬವಿಲ್ಲ. ಆ ಷೋಕೇಸಿನಲ್ಲಿ ನಿನ್ನ ಪಕ್ಕ ಏನಿದೆ ನೋಡಿದೆಯಾ? ದ್ವಾರಕೆಯಿಂದ ತಂದ ಶಂಖ. ನನ್ನ ಫೋಟೊ ಇಲ್ಲ. ನಾನು ಮೊದಲ ಸಲ ಒಬ್ಬಳೇ ವಿಮಾನ ಹಾರಿಸಿ ಇಳಿಸಿದ ದಿನದ್ದೊಂದು ಫೋಟೊ ಕೊಟ್ಟಿದ್ದೆ. ಅದು ಬೀರುವಿನಲ್ಲಿ ಪಾಲಿಸಿ ಕಾಗದಗಳ ಜೊತೆ ಇದೆ.

ನನ್ನ ಕೆಲಸದ ಬಗ್ಗೆ ನಮ್ಮಮ್ಮನಿಗೆ ನೀನು ಹೇಳಬೇಕಾಗಿಲ್ಲ. ಹೇಳುವುದಿದ್ದರೆ ನಾನೇ ಹೇಳುತ್ತೇನೆ.

ಹೊಸ ಶಾಲೆಗೆ ಶುಭವಾಗಲಿ.

ಆಶ್ರಿತಾ


ನವರಂಗಪುರ, ಅಹಮದಾಬಾದ್
24 ಜನವರಿ 2024

ಆಶ್ರಿತಾ,

ಡಿಸೆಂಬರಿನಲ್ಲಿ ನನ್ನ ಕೊನೆಯ ಹಾರಾಟವಾಯಿತು. ಇಳಿದು ಇಂಜಿನ್ ಆರಿಸಿದ ಮೇಲೂ ರೆಕ್ಕೆ ಸ್ವಲ್ಪ ಹೊತ್ತು ಸುತ್ತುತ್ತಿರುತ್ತದಲ್ಲ, ಅದು ಪೂರ್ತಿ ನಿಲ್ಲುವವರೆಗೆ ಕೂತಿದ್ದೆ. ಯಾರೂ ಅವಸರ ಮಾಡಲಿಲ್ಲ. ಮರುದಿನ ಗೇಟಿನಲ್ಲಿ ಗುರುತಿನ ಚೀಟಿ ಒಪ್ಪಿಸಿ ಆಟೊ ಹತ್ತಿದೆ. ಡ್ರೈವರ್ ‘ಬೆಹನ್, ಯಾರನ್ನು ನೋಡಲು ಬಂದಿದ್ದಿರಿ?’ ಎಂದು ಕೇಳಿದ.

ಈಗ ಶ್ವೇತಪಂಖದ ವಿಷಯ. ಸೇರಿ ಮೂರು ವಾರವಾಯಿತು, ಒಮ್ಮೆಯೂ ಹಾರಿಲ್ಲ. ಮೊದಲು ಮಂಜು ಅಂದರು. ಆಮೇಲೆ ಉತ್ತರಾಯಣ, ಗಾಳಿಪಟದ ದಾರ ಅಂದರು. ಹಬ್ಬ ಮುಗಿಯಿತು, ಗಾಳಿಪಟಗಳು ಮರಕ್ಕೆ ಸಿಕ್ಕಿಕೊಂಡು ಹರಿದೂ ಹೋದವು. ನಾನೇ ಹ್ಯಾಂಗರಿಗೆ ಹೋಗಿ ನೋಡಿದೆ. ಹನ್ನೊಂದರಲ್ಲಿ ಹಾರುವಂಥದ್ದು ಎರಡು. ಉಳಿದವಕ್ಕೆ ಬಿಡಿಭಾಗವಿಲ್ಲ, ಒಂದಕ್ಕೆ ಇಂಜಿನ್ನೇ ಇಲ್ಲ, ಮೇಲೆ ಬಣ್ಣ ಹೊಡೆದಿದ್ದಾರೆ ಅಷ್ಟೆ. ಹುಡುಗರು ತಿಂಗಳುಗಟ್ಟಲೆ ಸರದಿ ಕಾಯುತ್ತಾ ಹಾಸ್ಟೆಲಿನಲ್ಲಿ ಬಿದ್ದಿದ್ದಾರೆ. ಹೆದ್ದಾರಿಯ ಮೇಲೆ ಮಾತ್ರ ನನ್ನ ಚಿತ್ರದ ದೊಡ್ಡ ಬೋರ್ಡು: ‘ವಾಯುಪಡೆಯ ವೀರರ ಆಯ್ಕೆ.’ ನನ್ನನ್ನು ಒಂದು ಮಾತು ಕೇಳದೆ ಹಾಕಿಸಿದ್ದಾರೆ.

ಅಲ್ಲಿನ ಇಂಜಿನಿಯರ್ ಮನೋಜ್ ಮೊದಲು ನಿಮ್ಮ ಶಾಲೆಯಲ್ಲಿದ್ದವರಂತೆ. ನಾನು ನಿನ್ನ ಬಾಲ್ಯದ ಗೆಳತಿ ಎಂದು ತಿಳಿದು ಆಶ್ಚರ್ಯಪಟ್ಟರು. ‘ಆಶ್ರಿತಾ ಮೇಡಮ್ ಇಲ್ಲಿಗೆ ಸೇರಬೇಡ ಅಂತ ಹೇಳಲಿಲ್ವಾ ನಿಮಗೆ? ಕೇಳೋಕೆ ಬಂದ ಪ್ರತಿ ಹುಡುಗನಿಗೂ ಹೇಳ್ತಾರಲ್ಲ. ನಿಂತಿರೋ ವಿಮಾನ ಎಣಿಸಬೇಡ, ಹಾರ್ತಿರೋದನ್ನ ಎಣಿಸು ಅಂತ!’

ಗುರುತು ಪರಿಚಯವಿಲ್ಲದ ಹುಡುಗರಿಗೆಲ್ಲ ಹೇಳಿದೆ. ನನಗೆ ಯಾಕೆ ಹೇಳಲಿಲ್ಲ?

ಮಹಿಮಾ


ಸೂರತ್
6 ಫೆಬ್ರವರಿ 2024

ಮಹಿಮಾ,

ಹೌದು, ಗೊತ್ತಿತ್ತು. ಮರೆತು ಬಿಟ್ಟುಹೋದದ್ದಲ್ಲ, ಬೇಕೆಂದೇ ಹೇಳಲಿಲ್ಲ. ಯಾಕೆಂದು ಕೇಳಿದ್ದೀಯ, ಕೇಳಿಸಿಕೋ.

ವಾಯುಪಡೆಯ ಆಯ್ಕೆಗೆ ಇಬ್ಬರೂ ಒಟ್ಟಿಗೆ ಹೋದೆವು. ಬರೆದ ಪರೀಕ್ಷೆಯಲ್ಲಿ ನಿನಗಿಂತ ನನಗೇ ಹೆಚ್ಚು ಬಂದಿತ್ತು. ಕೊನೆಗೆ ಮೆಡಿಕಲ್‌ನಲ್ಲಿ ಒಬ್ಬ ಡಾಕ್ಟರ್ ನನ್ನ ಕಾಲಿನ ಉದ್ದ ಅಳೆದು, ಟೇಪು ಸುತ್ತಿಟ್ಟು, ‘ಸಾರಿ ಬೇಟಾ’ ಅಂದ. ಒಂದು ಸೆಂಟಿಮೀಟರ್ ಕಡಿಮೆ. ನೀನು ಒಂದು ಬಾಗಿಲಿನಿಂದ ಹೋದೆ, ನಾನು ಇನ್ನೊಂದರಿಂದ. ಅದು ನಿನ್ನ ತಪ್ಪಲ್ಲ ಎಂದು ನನಗೆ ಗೊತ್ತು. ತಪ್ಪಿಲ್ಲದವರ ಮೇಲೆ ಹೊಟ್ಟೆ ಉರಿದರೆ ಅದನ್ನು ಆರಿಸುವುದು ಇನ್ನೂ ಕಷ್ಟ. ಕ್ಷಮಿಸಿಬಿಡಲು ಅಲ್ಲಿ ಏನೂ ಇರುವುದಿಲ್ಲ.

ಅಪ್ಪ ಸಾಲ ಮಾಡಿ ನನಗೆ ಹಾರಾಟ ಕಲಿಸಿದರು. ನನಗೆ ಲೈಸೆನ್ಸ್ ಬಂದ ವರ್ಷ ಏರ್‌ಲೈನ್‌ಗಳು ಯಾರನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ತೆಗೆದುಕೊಳ್ಳಲು ಶುರುಮಾಡುವ ಹೊತ್ತಿಗೆ ಅಪ್ಪ ಹಾಸಿಗೆ ಹಿಡಿದಿದ್ದರು. ಬಾಹ್ಯಾಕಾಶ ಕೇಂದ್ರದಲ್ಲಿ ಎಲ್ಲರೂ ‘ಹರಿಪ್ರಸಾದ ಸರ್’ ಎಂದು ಎದ್ದು ನಿಂತು ಮಾತಾಡಿಸುತ್ತಿದ್ದ ಅಪ್ಪನಿಗೆ ನಾನು ಎರಡು ವರ್ಷ ಚಮಚದಲ್ಲಿ ಗಂಜಿ ಕುಡಿಸಿದೆ. ಶನಿವಾರ ಭಾನುವಾರ ಸೂರತ್ತಿಗೆ ಹೋಗಿ ಕಲಿಸಿ ಬರುತ್ತಿದ್ದೆ. ಹಾಗೆ ಇನ್‌ಸ್ಟ್ರಕ್ಟರ್ ಆದವಳು ಅಲ್ಲೇ ಉಳಿದೆ.

ಅಪ್ಪ ಹೋದಾಗ ನೀನು ಬಂದೆ. ಯೂನಿಫಾರ್ಮಿನಲ್ಲಿ ಬಂದೆ! ಜನ ಎರಡು ಬದಿಗೆ ಸರಿದು ನಿನಗೆ ದಾರಿ ಬಿಟ್ಟರು. ನಮ್ಮ ದೊಡ್ಡಪ್ಪ ‘ಇವಳೇನಾ ಪೈಲಟ್ಟು?’ ಎಂದು ಗಟ್ಟಿಯಾಗಿ ಕೇಳಿದರು. ಅಮ್ಮ ನಿನ್ನ ಹೆಗಲ ಮೇಲೆ ಬಿದ್ದು ಅತ್ತಳು. ಇನ್ನೊಬ್ಬ ಪೈಲಟ್ ಅಡುಗೆಮನೆಯಲ್ಲಿ ಬಂದವರಿಗೆಲ್ಲ ಕಾಫಿ ಕೊಟ್ಟು ಲೋಟ ತೊಳೆಯುತ್ತಿದ್ದಳು. ನನ್ನ ಅಪ್ಪ ಸತ್ತ ದಿನವೂ ನಿನ್ನದೇ ಆಯಿತು.

ಈಗ ಅದೆಲ್ಲ ಮುಗಿಸಿ, ಪದಕ ಪೆಟ್ಟಿಗೆಯಲ್ಲಿಟ್ಟು, ನನ್ನ ಸಣ್ಣ ವಿಮಾನವೂ ಬೇಕು ಎಂದು ಬಂದಿದ್ದೀಯ. ಕಲಿಸಿದರೆ ಒಂದು ವರ್ಷದಲ್ಲಿ ಏರ್‌ಲೈನ್ ಸೇರುತ್ತೀ. ನಾನು ಕಲಿಸಿದ ಎಲ್ಲರೂ ಹಾಗೇ ಹೋಗುತ್ತಾರೆ, ನಾನು ಕೈ ಬೀಸಿ ಹ್ಯಾಂಗರಿಗೆ ವಾಪಸ್ ಬರುತ್ತೇನೆ. ಬೇರೆ ಯಾರಿಗಾದರೂ ಕೈ ಬೀಸಬಲ್ಲೆ. ನಿನಗೆ ಆಗಲಿಲ್ಲ.

ಆಶ್ರಿತಾ


ನವರಂಗಪುರ, ಅಹಮದಾಬಾದ್
3 ಮಾರ್ಚ್ 2024

ಆಶಿ,

ನಿನ್ನ ಕಾಗದ ಓದಿ ಮೊದಲು ಕೋಪ ಬಂತು. ಅಮ್ಮ ‘ಆಶ್ರಿತಾ ಏನು ಬರೆದಿದ್ದಾಳೆ?’ ಎಂದು ಕೇಳಿದಾಗ ‘ಏನಿಲ್ಲ, ಹವಾಮಾನ’ ಅಂದೆ.

ಅಂಕಲ್ ಹೋದ ಸುದ್ದಿ ಬಂದಾಗ ನಾನು ಪ್ರವಾಹದ ರಕ್ಷಣಾ ಕೆಲಸದ ನಡುವೆ ಇದ್ದೆ. ಕೇಳಿಕೊಂಡು ಒಂದು ದಿನದ ರಜೆ ಸಿಕ್ಕಿತು. ಮೈಮೇಲಿದ್ದದ್ದು ಬಿಟ್ಟು ಬೇರೆ ಬಟ್ಟೆ ನನ್ನ ಹತ್ತಿರ ಇರಲಿಲ್ಲ. ಕಾಲುಪುರ ಸ್ಟೇಷನ್ನಿನಲ್ಲಿ ಇಳಿದು ಒಂದು ಚೂಡಿದಾರವಾದರೂ ಕೊಳ್ಳೋಣವೆಂದರೆ ಅಂಗಡಿಗಳಿನ್ನೂ ತೆರೆದಿರಲಿಲ್ಲ. ಕಾದರೆ ಅಂಕಲ್ ಮುಖ ಸಿಗುವುದಿಲ್ಲ ಎಂದು ಹಾಗೇ ಬಂದೆ. ಆಂಟಿ ನನ್ನ ಹೆಗಲ ಮೇಲೆ ಅತ್ತದ್ದು ನಿಜ. ಅಳುತ್ತಾ ಹೇಳಿದ್ದೇನು ಗೊತ್ತಾ? ‘ಅವಳು ನಿನ್ನೆಯಿಂದ ಒಂದು ಹನಿ ನೀರೂ ಕುಡಿದಿಲ್ಲ. ನನ್ನ ಮಾತು ಕೇಳಲ್ಲ, ನೀನಾದ್ರೂ ಹೇಳೇ.’ ಅದಕ್ಕೇ ನಾನು ಅಡುಗೆಮನೆಗೆ ಬಂದು ‘ಏನಾದ್ರೂ ತಿನ್ನು’ ಅಂದೆ. ‘ಆರ್ಡರ್ ಮಾಡೋದಿದ್ರೆ ನಿನ್ನ ಜವಾನರಿಗೆ ಮಾಡು’ ಅಂದೆ ನೀನು. ಅಲ್ಲಿಂದಾಚೆಗೆ ಫೋನ್ ಎತ್ತಲಿಲ್ಲ.

ನನಗೆ ಹೊಟ್ಟೆಕಿಚ್ಚೇ ಇಲ್ಲ ಅಂದುಕೊಂಡಿದ್ದೀಯಾ? ನಾನು ಹದಿನಾಲ್ಕು ವರ್ಷದಲ್ಲಿ ಒಂಬತ್ತು ಊರು ಬದಲಾಯಿಸಿದೆ. ನನ್ನ ಅಪ್ಪ ತೀರಿಕೊಂಡಾಗ ನಾನು ತವಾಂಗಿನಲ್ಲಿದ್ದೆ, ಹವಾ ಕೆಟ್ಟು ಮೂರನೆಯ ದಿನಕ್ಕೆ ಬಂದು ತಲುಪಿದೆ. ನೀನು ನಿನ್ನ ಅಪ್ಪನಿಗೆ ಗಂಜಿ ಕುಡಿಸಿದೆ ಎಂದು ಕಷ್ಟದ ಹಾಗೆ ಬರೆದಿದ್ದೀಯ. ಅದನ್ನು ಓದಿ ನನ್ನ ಹೊಟ್ಟೆ ಉರಿಯಿತು, ಗೊತ್ತಾ? ಗುರುಪೂರ್ಣಿಮೆಯ ದಿನ ಎಲ್ಲೆಲ್ಲಿಯೋ ಇರುವ ಕ್ಯಾಪ್ಟನ್‌ಗಳು ನಿನಗೆ ಫೋನ್ ಮಾಡುತ್ತಾರಂತೆ, ಮನೋಜ್ ಹೇಳಿದರು. ನನ್ನನ್ನು ಈಗ ಕರೆಯುವವರು ಬ್ಯಾಂಕಿನವರು ಮಾತ್ರ.

ಕಳೆದ ವಾರ ಕೊನೆಗೂ ಹಾರಿದೆ. ಇನ್‌ಸ್ಟ್ರಕ್ಟರ್ ಇಪ್ಪತ್ತಮೂರರ ಹುಡುಗ. ಹೆಲಿಕಾಪ್ಟರಿನಲ್ಲಿ ನಾನು ಬಲಗಡೆ ಕೂತವಳು, ಇಲ್ಲಿ ಎಡಗಡೆ. ಎರಡೂ ಕೈಗಳ ಕೆಲಸ ಅದಲುಬದಲು. ನೆಲ ಹತ್ತಿರ ಬಂದ ಕೂಡಲೇ ನನ್ನ ಕೈ ತಾನಾಗಿ ವಿಮಾನದ ಮೂಗನ್ನು ಎತ್ತಿ, ಗಾಳಿಯಲ್ಲೇ ನಿಲ್ಲಲು ನೋಡುತ್ತದೆ. ವಿಮಾನ ಗಾಳಿಯಲ್ಲಿ ನಿಲ್ಲುವುದಿಲ್ಲವಲ್ಲ, ಎತ್ತರದಿಂದ ಧೊಪ್ಪೆಂದು ಬಿತ್ತು. ಮೂರು ಸಲವೂ ಹಾಗೇ ಆಯಿತು. ಆ ಹುಡುಗ ನಗು ತಡೆಯಲಾಗದೆ ಕಿಟಕಿಯ ಕಡೆ ತಿರುಗಿದ.

ಮಕರಪುರದ ಒಂದು ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯವರು ಸೆಕ್ಯುರಿಟಿ ಮುಖ್ಯಸ್ಥೆಯ ಕೆಲಸ ಕೊಡುತ್ತೇವೆ ಅಂದಿದ್ದಾರೆ. ಗೇಟು, ವಾಚ್‌ಮನ್ನರು, ಸಿಸಿಟಿವಿ. ಈ ತಿಂಗಳ ಕೊನೆಗೆ ಉತ್ತರ ಹೇಳಬೇಕು. ಹೂಂ ಅಂದುಬಿಡುತ್ತೇನೆ ಅನ್ನಿಸುತ್ತದೆ.

ಸೆಪ್ಟೆಂಬರಿನಲ್ಲಿ ಎರಡು ಶಾಲೆಯ ಹೆಸರು ಬರೆದೆನಲ್ಲ, ಯಾವ ಶಾಲೆ ಒಳ್ಳೆಯದು ಎಂದು ತಿಳಿಯುವುದು ಅಷ್ಟೇನೂ ಕಷ್ಟವಿರಲಿಲ್ಲ ಆಶಿ. ‘ಇಲ್ಲಿಗೆ ಬಾ’ ಅನ್ನುತ್ತೀಯೇನೋ ಎಂದು ಕೇಳಿದ್ದು.

ಮಹಿಮಾ


ಸೂರತ್
12 ಮಾರ್ಚ್ 2024

ಮಹಿಮಾ,

ಕಾರ್ಖಾನೆಯವರಿಗೆ ಏನೂ ಹೇಳಬೇಡ, ತಡೆ.

ಶ್ವೇತಪಂಖ ಬಿಟ್ಟು ಬಾ. ವರ್ಗಾವಣೆಯ ಕಾಗದಪತ್ರ ಅವರು ಕೊಡದೆ ಸತಾಯಿಸುತ್ತಾರೆ. ಹೆದ್ದಾರಿಯ ಬೋರ್ಡಿನ ಬಗ್ಗೆ ವಕೀಲರ ಹತ್ತಿರ ಮಾತಾಡುತ್ತಿದ್ದೇನೆ ಅನ್ನು, ಮರುದಿನ ಕೊಡುತ್ತಾರೆ. ನಮ್ಮ ಮುಖ್ಯಸ್ಥರಿಗೆ ಹೇಳಿದ್ದೇನೆ. ಏಪ್ರಿಲ್ ಮೊದಲ ಸೋಮವಾರದಿಂದ, ಬೆಳಿಗ್ಗೆ ಆರೂವರೆಯ ಸರದಿ ನಿನ್ನದು. ಆ ಹೊತ್ತಿಗೆ ಗಾಳಿ ಇರುವುದಿಲ್ಲ, ಏರ್‌ಲೈನ್‌ಗಳ ಗಲಾಟೆಯೂ ಕಡಿಮೆ. ಪೀಪಲೋದ್‌ನಲ್ಲಿ ನಮ್ಮ ಹುಡುಗಿಯರಿರುವ ಪೀಜಿಯಲ್ಲಿ ಒಂದು ಮಂಚ ಖಾಲಿಯಿದೆ. ನನ್ನ ಮನೆಯಲ್ಲಿ ಇರು ಎಂದು ಕರೆಯುತ್ತಿಲ್ಲ, ಅಷ್ಟು ದೊಡ್ಡ ಮನಸ್ಸು ನನಗಿನ್ನೂ ಬಂದಿಲ್ಲ.

ಆದರೆ ಕೆಲವು ಮಾತು. ತರಗತಿಯಲ್ಲಿ ವಾಯುಪಡೆಯ ಕತೆ ಹೇಳಬೇಡ. ಹುಡುಗರು ಕೇಳುತ್ತಾರೆ, ಆದರೂ ಬೇಡ. ವಿಮಾನದಲ್ಲಿ ನನ್ನನ್ನು ಆಶಿ ಎಂದು ಕರೆಯಬೇಡ. ನಾನು ಬೈದರೆ ಎದುರು ಮಾತಾಡಬೇಡ. ನಾನು ಇಲ್ಲದಾಗ ನಮ್ಮಮ್ಮನ ಮನೆಗೆ ಹೋಗಿ ಒಬ್ಬಟ್ಟು ತಿನ್ನಬೇಡ.

ಆ ಹುಡುಗ ನಕ್ಕದ್ದು ತಪ್ಪು. ಕಲಿಯುವವರು ಬಿದ್ದಾಗ ನಗಬಾರದು. ಅದನ್ನು ಓದಿದ ಕ್ಷಣ ನನಗೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಯಾರೋ ನನ್ನ ಮನೆಯವರನ್ನು ನೋಡಿ ನಕ್ಕ ಹಾಗೆ ಸಿಟ್ಟು ಬಂತು.

ಆಶ್ರಿತಾ


ಪೀಪಲೋದ್, ಸೂರತ್
21 ಏಪ್ರಿಲ್ 2024

ಆಶ್ರಿತಾ ಮೇಡಮ್,

ದಿನಾ ಪಕ್ಕದಲ್ಲೇ ಕೂರುತ್ತೇವೆ, ಆದರೂ ಕಾಗದ ಬರೆಯುತ್ತಿದ್ದೇನೆ. ಹೆಡ್‌ಸೆಟ್ ಹಾಕಿಕೊಂಡ ಮೇಲೆ ನೀನು ವೇಗ, ಎತ್ತರ ಬಿಟ್ಟು ಬೇರೆ ಮಾತಾಡುವುದಿಲ್ಲ. ತೆಗೆದ ಮೇಲೆ ಅದನ್ನೂ ಮಾತಾಡುವುದಿಲ್ಲ.

‘ನಿಲ್ಲಿಸಬೇಡ! ಇದು ನಿಲ್ಲೋದಿಲ್ಲ, ಬೀಳುತ್ತೆ! ಓಡಲಿ ಬಿಡು, ಓಡ್ತಾ ಓಡ್ತಾ ತಾನೇ ಕೂರುತ್ತೆ!’ ರಾತ್ರಿ ಮಲಗಿದಾಗಲೂ ಇದೇ ಕೇಳಿಸುತ್ತದೆ. ನಿನ್ನೆ ಐದನೇ ಸಲ ವಿಮಾನ ಎತ್ತಿ ಹಾಕಿದಾಗ ನೀನು ಬೈಯಲಿಲ್ಲ. ನನ್ನ ಕೈಯ ಮೇಲೆ ಎರಡು ಬೆರಳಿಟ್ಟು, ‘ಇಷ್ಟೇ’ ಅಂದೆ. ನಾನು ಕೂಡ ವಾಯುಪಡೆಯಲ್ಲಿ ಎಷ್ಟೋ ಜನರಿಗೆ ಕಲಿಸಿದ್ದೇನೆ, ಕಿರುಚಿಯೇ ಕಲಿಸಿದ್ದೇನೆ. ಎರಡು ಬೆರಳಿನಲ್ಲಿ ಕಲಿಸಬಹುದೆಂದು ತಿಳಿದಿರಲಿಲ್ಲ. ಹಾಗೆ ನನಗೆ ಬರುವುದಿಲ್ಲವಲ್ಲ ಎಂದು ಹೊಟ್ಟೆಕಿಚ್ಚಾಯಿತು.

ಇನ್ನೊಂದು ವಿಷಯ. ಮೊನ್ನೆ ಆ ವರಾಛಾದ ಹುಡುಗಿ ಒಬ್ಬಳೇ ಹಾರಿ ಇಳಿದಾಗ ನೀನು ಅವಳನ್ನು ಅಪ್ಪಿಕೊಂಡೆ. ನಾನು ಟೀ ಲೋಟ ಹಿಡಿದು ನೋಡುತ್ತಾ ನಿಂತಿದ್ದೆ. ಮೂವತ್ತಾರು ವರ್ಷದವಳು, ಹತ್ತೊಂಬತ್ತರ ಹುಡುಗಿಯನ್ನು ನೋಡಿ ಕರುಬಿದೆ. ನಿನಗೆ ಗೊತ್ತಿರಲಿ ಎಂದು ಬರೆದೆ.

ಮಹಿಮಾ


ಸೂರತ್
19 ಮೇ 2024

ಮಹಿಮಾ,

ನಿನ್ನೆ ನೀನು ಇಳಿದು ಬಂದ ಮೇಲೆ ಹುಡುಗರು ಸುತ್ತುವರಿದರು, ಫೋಟೊ, ಪೇಡೆ, ಗಲಾಟೆ. ನಾನು ಕೈ ಕುಲುಕಿ ‘ಗುಡ್’ ಅಂದೆ, ಅಷ್ಟೆ. ನಿನ್ನ ಮುಖ ಸಣ್ಣಗಾದದ್ದು ಕಂಡಿತು. ಅಪ್ಪಿಕೊಳ್ಳಲಿಲ್ಲ ಯಾಕೆಂದರೆ, ಅಪ್ಪಿಕೊಂಡಿದ್ದರೆ ಅಷ್ಟು ಜನರ ಮುಂದೆ ಅಳುತ್ತಿದ್ದೆ. ನೀನು ಮೇಲಿದ್ದಾಗ ಕೆಳಗೆ ಏನಾಯಿತೆಂದು ನಿನಗೆ ಗೊತ್ತಿಲ್ಲ. ಅದನ್ನು ಹೇಳಲು ಬರೆಯುತ್ತಿದ್ದೇನೆ.

ಅಮ್ಮನನ್ನು ಅಹಮದಾಬಾದಿನಿಂದ ಕರೆಸಿದವಳು ನಾನೇ. ‘ಮಹಿಮಾ ಹಾರೋದು ನೋಡು ಬಾ’ ಅಂದರೆ ಬರುತ್ತಾಳೆ ಎಂದು ಗೊತ್ತಿತ್ತು. ಹಾಗೆ ಕರೆಯಬೇಕಾಯಿತಲ್ಲ ಎಂದು ಬೇಜಾರೂ ಆಯಿತು. ಪಾಸ್ ಮಾಡಿಸಿ, ಹ್ಯಾಂಗರಿನ ನೆರಳಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಮೊದಲ ಎರಡು ಸುತ್ತು ನಾವಿಬ್ಬರೂ ಒಟ್ಟಿಗೆ ಹಾರಿ ಇಳಿದೆವಲ್ಲ? ಎರಡೂ ಸಲ ನೀನು ಎಷ್ಟು ಮೆತ್ತಗೆ ಇಳಿಸಿದೆ ಎಂದರೆ, ಚಕ್ರ ನೆಲಕ್ಕೆ ತಾಗಿದ್ದು ನನಗೆ ಶಬ್ದದಿಂದಲೇ ಗೊತ್ತಾಯಿತು. ನಾನು ಇಳಿದು, ಬಾಗಿಲು ಹಾಕಿ, ನಿನ್ನನ್ನು ಒಬ್ಬಳನ್ನೇ ಬಿಟ್ಟು ನಡೆದು ಬಂದೆ. ಅಮ್ಮ ಎದ್ದು ನಿಂತಿದ್ದಳು.

‘ಯಾಕೆ ಇಳಿದುಬಿಟ್ಟೆ? ನಿನ್ನ ಪಾಠ ಮುಗೀತಾ?’ ಅಂದಳು.

‘ನನ್ನ ಪಾಠ ಅಲ್ಲಮ್ಮ. ಅವಳದ್ದು.’

‘ಅವಳದ್ದೇನು ಪಾಠ? ಅವಳು ನಿನ್ನನ್ನ ಕೂರಿಸ್ಕೊಂಡು ಸುತ್ತಾಡಿಸ್ತಿದ್ಲಲ್ಲ.’

ಅಮ್ಮ ಹಾಗೆ ತಿಳಿದಿದ್ದಳು ನೋಡು. ಇಷ್ಟು ವರ್ಷ ನಾನು ಏನು ಮಾಡುತ್ತೇನೆಂದು ಅವಳಿಗೆ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ನನಗೆ ನಗು ಬಂತು, ಕೋಪವೂ ಬಂತು. ‘ಅಮ್ಮ, ಅವಳಿಗೆ ಕಲಿಸ್ತಿರೋದು ನಾನು’ ಅಂದೆ.

ಅಷ್ಟರಲ್ಲಿ ನೀನು ರನ್‌ವೇ ಮೇಲೆ ಓಡಿ ಎದ್ದೆ. ಪಕ್ಕದ ಸೀಟು ಖಾಲಿಯಿರುವುದು ಆಗ ಅಮ್ಮನಿಗೆ ಕಂಡಿತು. ‘ಅಯ್ಯೋ, ಒಬ್ಬಳನ್ನೇ ಕಳಿಸಿಬಿಟ್ಟೆಯಲ್ಲೇ! ಏನಾದ್ರೂ ಆದ್ರೆ? ಅವಳ ಅಮ್ಮನಿಗೆ ಏನಂತ ಹೇಳೋದು? ಈಗ ಅವಳನ್ನ ಯಾರು ಇಳಿಸ್ತಾರೆ?’

‘ಅವಳೇ ಇಳೀತಾಳೆ.’

‘ನಿಂಗೆ ಹೇಗೆ ಗೊತ್ತು?’

‘ನಾನು ಕಲಿಸಿದ್ದೀನಿ.’

ಅಮ್ಮ ನನ್ನ ಮುಖ ನೋಡಿದಳು. ನೀನು ತಿರುಗಿ ತಾಪಿ ನದಿಯ ಕಡೆಗೆ ಹೋದೆ, ಸೊಳ್ಳೆಯಷ್ಟಾದೆ. ಪಕ್ಕದಲ್ಲಿ ನಿಂತಿದ್ದ ಒಬ್ಬ ಹುಡುಗನ ತಂದೆ, ದೊಡ್ಡ ವ್ಯಾಪಾರಿ, ಅಮ್ಮನಿಗೆ ಕೈ ಮುಗಿದು ಹಿಂದಿಯಲ್ಲಿ, ‘ಮಾತಾಜಿ, ಮೇಲೆ ಇರೋರು ನಿಮ್ಮ ಮಗಳಾ?’ ಎಂದು ಕೇಳಿದ. ಅಮ್ಮ ಹೂಂ ಅನ್ನುತ್ತಾಳೆ ಅಂದುಕೊಂಡೆ. ಅಮ್ಮ ತನ್ನ ಬರದ ಹಿಂದಿಯಲ್ಲಿ, ‘ನಹೀಂ. ವೋ ಇಸ್ಕಾ ಸ್ಟೂಡೆಂಟ್. ಮೇರಾ ಬೇಟಿ ಯೇ ಹೈ’ ಅಂದು ನನ್ನನ್ನು ತೋರಿಸಿದಳು.

ಆಮೇಲೆ ನೀನು ಇಳಿಯಲು ಬಂದೆ. ನೆಲ ಹತ್ತಿರವಾಗುವಾಗ ನಿನ್ನ ವಿಮಾನದ ಮೂಗು ಒಂದು ಚೂರು ಹೆಚ್ಚು ಎದ್ದಿತು. ನನ್ನ ಬೆರಳು ತಾನಾಗಿ ಆಡಿತು, ಆದರೆ ಅಲ್ಲಿ ನಿನ್ನ ಕೈಯಿರಲಿಲ್ಲ. ಅಮ್ಮನ ಕೈಯಿತ್ತು. ಅವಳು ಯಾವಾಗ ಹಿಡಿದುಕೊಂಡಿದ್ದಳೋ ತಿಳಿಯಲಿಲ್ಲ. ನೀನು ತಡೆದುಕೊಂಡೆ, ಓಡಲು ಬಿಟ್ಟೆ, ವಿಮಾನ ಕೂತಿತು. ನೀನು ತಿರುಗಿಸಿಕೊಂಡು ಬಂದು ಇಂಜಿನ್ ಆರಿಸುವವರೆಗೂ ಅಮ್ಮ ಬಿಡಲಿಲ್ಲ. ನಿನ್ನನ್ನು ನೋಡುತ್ತಾ, ನನ್ನ ಕೈ ಹಿಡಿದಿದ್ದಳು.

ಮುಂದಿನ ವಾರದ ದೂರದ ಹಾರಾಟಕ್ಕೆ ನಿನ್ನನ್ನು ತಾನು ಕರೆದೊಯ್ಯುತ್ತೇನೆ ಎಂದು ನಮ್ಮ ಮುಖ್ಯಸ್ಥರು ಹೇಳಿದರು. ಆಗುವುದಿಲ್ಲ ಅಂದೆ. ನೀನು ಏರ್‌ಲೈನ್‌ಗೆ ಹೋಗುವ ದಿನ ನನ್ನ ಹೊಟ್ಟೆ ಮತ್ತೆ ಉರಿಯುತ್ತದೆ, ಅದು ಹೋಗುವ ಹಾಗೆ ಕಾಣುವುದಿಲ್ಲ. ಆದರೆ ಆ ದಿನದವರೆಗೂ ನಿನ್ನ ಪಕ್ಕದಲ್ಲಿ ಬೇರೆ ಯಾರೂ ಕೂರುವುದು ಬೇಡ.

ಅಮ್ಮ ಇನ್ನೂ ಎರಡು ದಿನ ಇಲ್ಲೇ ಇರುತ್ತಾಳೆ. ಬೆಳಿಗ್ಗೆಯಿಂದ ಅಡುಗೆಮನೆಯಲ್ಲಿ ಏನೋ ರುಬ್ಬುತ್ತಿದ್ದಾಳೆ, ನನ್ನನ್ನು ಒಳಗೆ ಬಿಡುತ್ತಿಲ್ಲ. ಈ ಕಾಗದವನ್ನು ನಿಮ್ಮ ಪೀಜಿಯ ಹುಡುಗಿಯ ಕೈಲಿ ಕಳಿಸುತ್ತಿದ್ದೇನೆ, ರಾತ್ರಿ ಊಟಕ್ಕೆ ಬಾ. ನನ್ನ ಮನೆಗೇ ಕರೆಯುತ್ತಿದ್ದೇನೆ. ಬಡಿಸುವಾಗ ಅಮ್ಮ ಮೊದಲು ನಿನಗೆ ಹಾಕಿದರೆ, ನಾನು ನೋಡುತ್ತಿರುತ್ತೇನೆ.

ಆಶಿ